ಅರ್ಧ ದಡವನ್ನು ಕೆರೆಗೇ ಬಿಡಿ

ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ, ಅಮೃತಹಳ್ಳಿ, ಹೆಬ್ಬಾಳ, ನಾಗವಾರ ಕೆರೆಗಳ ಸಂರಕ್ಷಣಾ ಸಮಿತಿಗಳಿಗೆ, ವಾಯುವಿಹಾರಿಗಳ ಸಂಘಗಳಿಗೆ, ಕೆರೆ ಸುತ್ತಲಿನ ಅಪಾರ್ಟ್‌ಮೆಂಟ್ ಒಕ್ಕೂಟಗಳಿಗೆ.

ಮಾನ್ಯರೇ,

ಬೆಂಗಳೂರಿಗೆ ಕಡಲಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲ. ನಮ್ಮ ಪಾಲಿನ ಕರಾವಳಿಯೆಂದರೆ ಕೆರೆದಂಡೆ. ಯಲಹಂಕದಿಂದ ಹೆಬ್ಬಾಳದವರೆಗೆ ಆ ದಂಡೆ ಇವತ್ತು ಅಷ್ಟಿಷ್ಟಾದರೂ ಉಳಿದಿದ್ದರೆ ಅದಕ್ಕೆ ನೀವೂ ಕಾರಣ. ಕೊಳಚೆ ಪೈಪು ಕಂಡಾಗ ಜಲಮಂಡಳಿಗೆ ಅರ್ಜಿ ಬರೆದವರು, ಕಟ್ಟಡದ ಅವಶೇಷ ಸುರಿಯಲು ಬಂದ ಲಾರಿಗೆ ಅಡ್ಡ ನಿಂತವರು, ಭಾನುವಾರ ಬೆಳಿಗ್ಗೆ ಗ್ಲೌಸು ತೊಟ್ಟು ಪ್ಲಾಸ್ಟಿಕ್ ಆರಿಸಿದವರು ನೀವು. ಆದ್ದರಿಂದಲೇ ಈ ಪತ್ರವನ್ನು ಪಾಲಿಕೆಗೋ ಮಂತ್ರಿಗಳಿಗೋ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ ಮಾತು: ಕೆರೆಗೆ ಪೂರ್ತಿ ಒಂದು ಸುತ್ತು ಬರುವ ನಡಿಗೆಹಾದಿ ಬೇಕೆಂಬ ಬೇಡಿಕೆಯನ್ನು ಕೈಬಿಡಿ. ಏರಿಯ ಮೇಲೆ ನಡೆಯೋಣ. ನೀರು ಒಳಬರುವ ಕಡೆಯ ಅರ್ಧ ದಡವನ್ನು ಕೆರೆಗೇ ಬಿಡೋಣ. ಈಗಾಗಲೇ ಸುತ್ತಲೂ ಹಾದಿ ಬಿದ್ದಿದ್ದರೆ ಆ ಅರ್ಧವನ್ನು ಕೀಳಿಸೋಣ. ಕೇಳಿದ ಕೂಡಲೇ ಸಿಟ್ಟು ಬರುವ ಮಾತು ಇದು. ಕಾರಣ ಹೇಳಿ ಮುಗಿಸುವವರೆಗೆ ಸ್ವಲ್ಪ ತಾಳಿಕೊಳ್ಳಿ.

ನಮ್ಮ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಹಳ್ಳ ಇಳಿಯುವ ಜಾಗ ನೋಡಿ ಹಿರಿಯರು ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು, ಏರಿಯ ಒಳಮೈಗೆ ಕಲ್ಲು ಹೊದಿಸಿದರು, ಒಂದು ಮಗ್ಗುಲಿಗೆ ಕೋಡಿ, ನಡುವೆ ತೂಬು, ಏರಿಯ ಆಚೆ ಅಚ್ಚುಕಟ್ಟು. ಹೀಗಾಗಿ ಕೆರೆಗೆ ಹುಟ್ಟಿನಿಂದಲೇ ಎರಡು ಬಗೆಯ ದಡ. ಏರಿಯ ಕಡೆ ನೀರು ಆಳ, ದಡ ಕಡಿದು. ಎದುರು ಕಡೆ, ಕಾಲುವೆಗಳು ಬಂದು ಸೇರುವಲ್ಲಿ, ನೆಲ ತೀರಾ ನಿಧಾನಕ್ಕೆ ನೀರೊಳಗೆ ಇಳಿಯುತ್ತದೆ. ನೀರಿನ ಮಟ್ಟ ಒಂದಡಿ ಕುಗ್ಗಿದರೆ ಅಲ್ಲಿ ದಡ ಹತ್ತಾರು ಮಾರು ಹಿಂದೆ ಸರಿಯುತ್ತದೆ. ಅದು ಕೆರೆಯಂಗಳ. ಮಳೆಗಾಲದಲ್ಲಿ ನೀರು ನಿಲ್ಲುವುದೂ ಅಲ್ಲೇ, ಬೇಸಿಗೆಯಲ್ಲಿ ದನ ಮೇಯುವುದೂ ಅಲ್ಲೇ; ಗೋಡುಮಣ್ಣು ತೋಡಿ ಹೊಲಕ್ಕೆ ಹೊರುತ್ತಿದ್ದುದೂ ಅಲ್ಲಿಂದಲೇ. ಊರವರು ಏರಿಯನ್ನು ಕಾಪಾಡಿದರು, ಅಂಗಳವನ್ನು ಸುಮ್ಮನೆ ಬಿಟ್ಟರು. ಏರಿಯ ಮೇಲೆ ದಾರಿಯಿತ್ತು, ಗಂಗಮ್ಮನ ಗುಡಿಯಿತ್ತು; ಅಂಗಳಕ್ಕೆ ಯಾರೂ ಕಟ್ಟೆ ಕಟ್ಟಲಿಲ್ಲ, ಏಕೆಂದರೆ ಅಲ್ಲಿ ದಡ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದದ್ದು ಮಳೆ.

ಪುನಶ್ಚೇತನದ ಹೆಸರಿನಲ್ಲಿ ಈ ಎರಡು ದಡಗಳ ವ್ಯತ್ಯಾಸವನ್ನೇ ನಾವು ಅಳಿಸಿದೆವು. ಯಂತ್ರ ಇಳಿಸಿ ಹೂಳು ತೆಗೆದು, ಆ ಮಣ್ಣನ್ನೇ ಸುತ್ತಲೂ ಏರಿಸಿ ಉಂಗುರದಂಥ ಒಡ್ಡು ಹಾಕಿ, ಒಡ್ಡಿನ ಮೇಲೆ ಪೇವರ್ ಕಲ್ಲು ಜೋಡಿಸಿ, ಅಂಚಿಗೆ ತಂತಿಬೇಲಿ ಬಿಗಿದರೆ ಕೆಲಸ ಮುಗಿಯಿತು. ತಟ್ಟೆಯ ಆಕಾರದ ಕೆರೆ ಬೋಗುಣಿಯ ಆಕಾರಕ್ಕೆ ಬಂತು. ನಗರದ ಪರಿಸರ ತಜ್ಞರು ಇದನ್ನು ಎಷ್ಟೋ ವರ್ಷಗಳಿಂದ ಟೀಕಿಸುತ್ತ ಬಂದಿದ್ದಾರೆ. ನೋಡಲು ಚೆಂದ, ಫೋಟೊಗೆ ಇನ್ನೂ ಚೆಂದ. ಆದರೆ ಗದ್ದೆಗೊರವಕ್ಕೆ ಬೇಕಾದದ್ದು ಕಾಲ್ಬೆರಳು ನೆನೆಯುವಷ್ಟು ನೀರು, ಮೆಟ್ಟುಗಾಲು ಹಕ್ಕಿಗೆ ಅದರ ಉದ್ದ ಕಾಲು ಮುಳುಗದಷ್ಟು, ಬಕ ಕೊಕ್ಕರೆಗಳಿಗೆ ಅದಕ್ಕಿಂತ ತುಸು ಹೆಚ್ಚು. ಗುಳುಮುಳುಕ ಆಳದಲ್ಲಿ ಮುಳುಗಿ ಮೀನು ಹಿಡಿದರೂ ಗೂಡು ಕಟ್ಟುವುದು ಜೊಂಡಿನ ಮರೆಯಲ್ಲಿ. ಸಣ್ಣ ನಾಡಮೀನಿನ ಮರಿಗಳು ದೊಡ್ಡ ಮೀನಿನ ಬಾಯಿಂದ ಬಚಾವಾಗುವುದೂ ಅದೇ ಜೊಂಡಿನ ಬುಡದಲ್ಲಿ. ಒಡ್ಡಿನ ಬುಡದಲ್ಲೇ ಆಳಕ್ಕೆ ಇಳಿದುಬಿಡುವ ಕೆರೆಯಲ್ಲಿ ಇವಕ್ಕೆಲ್ಲ ನೆಲೆಯಿಲ್ಲ; ನೀರುಕಾಗೆ, ಹೆಜ್ಜಾರ್ಲೆಯಂಥ, ಆಳದ ನೀರಿನಲ್ಲೂ ಬದುಕಬಲ್ಲವರು ಮಾತ್ರ ಉಳಿಯುತ್ತಾರೆ. ತಪ್ಪು ಒಳಗೊಳಗೇ ಗೊತ್ತಿದ್ದವರಂತೆ ನಾವು ಕೆರೆಯ ನಡುವೆ ಒಂದು ನಡುಗಡ್ಡೆ ಗುಡ್ಡೆಹಾಕಿ, ಹಕ್ಕಿಗಳಿಗೆ ಅದು ಸಾಕೆಂದುಕೊಳ್ಳುತ್ತೇವೆ.

ಬಿಟ್ಟ ದಡ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಜಕ್ಕೂರು ಕೆರೆಯ ಮೇಲ್ತುದಿಗೆ ಹೋಗಿ ನೋಡಿ. ಜಲಮಂಡಳಿಯ ಶುದ್ಧೀಕರಣ ಘಟಕ ಅಲ್ಲಿದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದದ್ದು. ಅಲ್ಲಿಂದ ಹೊರಬರುವ ನೀರು ನೇರ ಕೆರೆಗೆ ಬೀಳುವುದಿಲ್ಲ. ಆಳೆತ್ತರದ ಜೊಂಡು, ಅದರ ನಡುವೆ ಅಂತರಗಂಗೆ, ಬುಡದಲ್ಲಿ ಕಪ್ಪು ಕೆಸರು. ಈ ಜೌಗಿನಲ್ಲಿ ನೀರು ತೆವಳುವಷ್ಟು ನಿಧಾನಕ್ಕೆ ಹರಿದು ಬರುತ್ತದೆ. ಘಟಕ ತೆಗೆಯದೆ ಬಿಟ್ಟ ನೈಟ್ರೇಟ್, ಫಾಸ್ಫೇಟ್‌ಗಳನ್ನು ಗಿಡಗಳ ಬೇರೂ ಬೇರಿಗಂಟಿದ ಬ್ಯಾಕ್ಟೀರಿಯಾಗಳೂ ಹೀರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜೌಗಿನ ಆಚೆ ಈಚೆ ನೀರು ಪರೀಕ್ಷಿಸಿ ಪೋಷಕಾಂಶಗಳು ಇಳಿಯುವುದನ್ನು ದಾಖಲಿಸಿದ್ದಾರೆ. ಹಾಗೆಂದು ಅದು ತಾನಾಗಿಯೇ ನಡೆಯುವ ಪವಾಡವೇನಲ್ಲ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ಕೆರೆಗೇ ವಾಪಸು ಕೊಡುತ್ತದೆ. ಕೆಲಸ ಇದೆ, ಪೇವರ್ ಕಲ್ಲು ರಿಪೇರಿ ಮಾಡುವ ಕೆಲಸಕ್ಕಿಂತ ಬೇರೆ ಬಗೆಯದು, ಅಷ್ಟೆ. ಇದೇ ಜೌಗಿನ ಮೇಲೆ ಒಂದು ಸುತ್ತಿನ ಹಾದಿ ಪೂರ್ತಿಯಾಗಲೆಂದು ಮಣ್ಣು ತುಂಬಿದರೆ ಉಳಿಯುವುದು ಏನೆಂದು ಯೋಚಿಸಿ.

ಇನ್ನೊಂದು ಸಾಕ್ಷಿ ಕಹಿಯಾದದ್ದು. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಸಮುಚ್ಚಯ ಜಲಾವೃತವಾಗಿ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಪಾಡು. ರಾಜಕಾಲುವೆ ಕಿರಿದಾದದ್ದು, ಕೆಳಭಾಗದಲ್ಲಿ ಕಟ್ಟಿದ್ದು, ಎಲ್ಲವೂ ನಿಜ. ಆದರೆ ದಡದ ಪಾತ್ರವನ್ನೂ ನೋಡಬೇಕು. ಹಿಂದೆ ಬೇಸಿಗೆ ಕಳೆಯುವಷ್ಟರಲ್ಲಿ ಕೆರೆ ಅರ್ಧ ಬತ್ತಿರುತ್ತಿತ್ತು, ಹೊಸ ಮಳೆಗೆ ಜಾಗವಿರುತ್ತಿತ್ತು. ಈಗ ಸಂಸ್ಕರಿಸಿದ ನೀರೋ ಹಸಿ ಕೊಳಚೆಯೋ ವರ್ಷವಿಡೀ ಬರುವುದರಿಂದ ನಮ್ಮ ಎಷ್ಟೋ ಕೆರೆಗಳು ಮೇ ತಿಂಗಳಲ್ಲೂ ತುಂಬಿಕೊಂಡೇ ಇರುತ್ತವೆ. ಹೂಳು ತೆಗೆದು ಇನ್ನೂ ಮೂರಡಿ ಆಳ ಮಾಡಿದರೂ ಆ ಮೂರಡಿ ಮೊದಲೇ ತುಂಬಿರುತ್ತದೆ. ಜಡಿಮಳೆಯ ದಿನ ಹೆಚ್ಚುವರಿ ನೀರಿಗೆ ಸಿಗುವ ಜಾಗ ಒಂದೇ: ನೀರಿನ ಮಟ್ಟದಿಂದ ಸ್ವಲ್ಪವೇ ಮೇಲಿರುವ ಅಂಗಳ. ಅಲ್ಲಿ ಒಡ್ಡು ಕಟ್ಟಿ ಹಾದಿ ಮಾಡಿದರೆ ನೀರು ಹರಡುವ ಬದಲು ಏರುತ್ತದೆ, ಏರಿದ್ದು ಕೋಡಿಯ ಕೆಳಗಿನವರ ಮನೆಗೆ ಇಳಿಯುತ್ತದೆ.

ಕೆರೆದಂಡೆ ಯಾರ ಮನರಂಜನೆಗೆ ಎಂಬ ಪ್ರಶ್ನೆ ಈ ಭಾಗದವರಿಗೆ ಹೊಸದಲ್ಲ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ನಾಗವಾರ ಕೆರೆಯನ್ನು ಮನರಂಜನಾ ಉದ್ಯಾನಕ್ಕೂ, 2006ರಲ್ಲಿ ಹೆಬ್ಬಾಳ ಕೆರೆಯನ್ನು 15 ವರ್ಷಕ್ಕೆ ಒಂದು ಐಷಾರಾಮಿ ಹೋಟೆಲ್ ಸಮೂಹಕ್ಕೂ ಗುತ್ತಿಗೆ ಕೊಟ್ಟಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆ ಹೈಕೋರ್ಟ್ ಮೆಟ್ಟಿಲು ಹತ್ತಿತು. ನ್ಯಾಯಾಲಯ ರಚಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೆರೆಗಳನ್ನು ಸುತ್ತಿ ವರದಿ ಕೊಟ್ಟಿತು, 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಶಿಫಾರಸುಗಳನ್ನು ಒಪ್ಪಿತು. ಅಂದು ನಾವೆಲ್ಲ ಚಪ್ಪಾಳೆ ತಟ್ಟಿದ ವಾದದ ತಿರುಳು, ಕೆರೆ ಒಂದು ಜೀವಂತ ವ್ಯವಸ್ಥೆ, ಹಣವುಳ್ಳವರ ವಿಹಾರಕ್ಕೆ ಅದನ್ನು ಒಗ್ಗಿಸಬಾರದು ಎಂಬುದೇ ಆಗಿತ್ತು. ತೇಲುವ ರೆಸ್ಟೋರೆಂಟ್ ಬೇಡ ಎಂದವರು ನಾವು. ಈಗ ಅದೇ ದಂಡೆಗೆ ಗೆಜೆಬೊ, ಓಪನ್ ಜಿಮ್, ಸೆಲ್ಫಿ ಕಟ್ಟೆ, ಅಲಂಕಾರಿಕ ದೀಪ ಬೇಕೆಂದು ಶಾಸಕರಿಗೆ ಮನವಿ ಕೊಡುವವರಲ್ಲೂ ನಾವು ಇದ್ದೇವೆ. ಟಿಕೆಟ್ ಇಲ್ಲ ಎಂಬುದು ದೊಡ್ಡ ವ್ಯತ್ಯಾಸವೇ, ಒಪ್ಪುತ್ತೇನೆ. ಜಂಬುಕೋಳಿಗೆ ಮಾತ್ರ ಆ ವ್ಯತ್ಯಾಸ ತಿಳಿಯುವುದಿಲ್ಲ.

ಕಾನೂನಿನ ಕಡೆ ತಿರುಗಿದರೆ ಈ ಇಬ್ಬಂದಿ ಇನ್ನೂ ಎದ್ದು ಕಾಣುತ್ತದೆ. ಬೆಂಗಳೂರಿನ ‘ಮಹಾಯೋಜನೆ 2015’ ಕೆರೆಯಂಚಿನಿಂದ 30 ಮೀಟರ್ ಬಫರ್ ಎಂದಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಹಳೆಯ ಅಳತೆಗೇ ಮರಳಿಸಿತು. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ಕೆರೆ ಸಂರಕ್ಷಣಾ ಪ್ರಾಧಿಕಾರದ ತಿದ್ದುಪಡಿ ಮಸೂದೆ ಒಂದು ಹೆಜ್ಜೆ ಮುಂದೆ ಹೋಗಿ, 100 ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್ ಉಳಿಸಿ, ಕೆರೆ ಸಣ್ಣದಾದಂತೆ ಬಫರನ್ನು 24, 12, 6, 3 ಮೀಟರ್‌ಗೆ ಇಳಿಸುವ ಪ್ರಸ್ತಾವ ಇಟ್ಟಿತು. 5 ಗುಂಟೆಯೊಳಗಿನ ಕುಂಟೆಗಳಿಗೆ ಏನೂ ಇಲ್ಲ. ಒಂದರಿಂದ ಹತ್ತು ಎಕರೆಯ ಕೆರೆಗೆ 6 ಮೀಟರ್ ಎಂದರೆ ದಂಡೆಯನ್ನು ಕಾಗದದ ಮೇಲೆ ಉಳಿಸಿ ನೆಲದ ಮೇಲೆ ಅಳಿಸಿದ ಹಾಗೆ. ನಿಮ್ಮಲ್ಲಿ ಹಲವರು ಇದನ್ನು ವಿರೋಧಿಸಿದ್ದೀರಿ, ಸರಿಯಾಗಿಯೇ. ಆದರೆ ಎದುರು ಪಕ್ಷದ ವಕೀಲರು ಕೇಳಬಹುದಾದ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಬೇಕು. ನಿಮಗೆ ಸಿಕ್ಕ 30 ಮೀಟರ್‌ನಲ್ಲಿ ನೀವು ಮಾಡಿದ್ದೇನು? ಕಾಂಕ್ರೀಟು, ಕಲ್ಲು, ಬೇಲಿ, ಕೊರಿಯನ್ ಹುಲ್ಲು ಎಂದಾದರೆ, ಅಷ್ಟಕ್ಕೆ 6 ಮೀಟರ್ ಸಾಕಲ್ಲ ಎಂದು ಅವರು ಹೇಳಿದರೆ ತಡವರಿಸಬೇಕಾಗುತ್ತದೆ. ಬಫರ್ ಏಕೆ ಅಗಲವಾಗಿರಬೇಕು ಎಂಬುದನ್ನು ಜೌಗೂ ಜೊಂಡೂ ಹುಲ್ಲುಗಾವಲೂ ಇರುವ ದಂಡೆ ಮಾತ್ರ ತೋರಿಸಿಕೊಡಬಲ್ಲದು.

ಈಗ ನಿಮ್ಮ ಆಕ್ಷೇಪಗಳಿಗೆ ಬರೋಣ. ಹಾದಿ, ಬೇಲಿ ಇಲ್ಲದಿದ್ದರೆ ಒತ್ತುವರಿಯಾಗುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ, ಆದರೆ ಬೇಲಿಯನ್ನೂ ಹಾದಿಯನ್ನೂ ಬೇರೆ ಮಾಡಿ ನೋಡಬೇಕು. ಬೇಲಿ ಇರಬೇಕಾದದ್ದು ಕಂದಾಯ ದಾಖಲೆಯ ಗಡಿಯಲ್ಲಿ, ಹದ್ದುಬಸ್ತು ಮಾಡಿಸಿದ ಮೇಲೆ. ನೀರಿನ ಅಂಚಿನಲ್ಲಿ ಅಲ್ಲ. ಅವಸರದಲ್ಲಿ ನೀರಂಚಿಗೆ ಬೇಲಿ ಹಾಕಿದರೆ ಬೇಲಿಯಾಚೆ ಉಳಿದ ಕೆರೆಯಂಗಳವನ್ನು ನಾವೇ ಬಿಟ್ಟುಕೊಟ್ಟಂತೆ, ಆಮೇಲೆ ಅಲ್ಲಿ ನಿವೇಶನ ಎದ್ದರೆ ಕೇಳುವವರು ಯಾರು? ಅಲ್ಲದೆ ಈ ನಗರದಲ್ಲಿ ಕೆರೆ ನುಂಗಿದ್ದು ಬರೀ ಬೇಲಿ ಹಾರಿ ಬಂದ ಕಳ್ಳರಲ್ಲ. ಧರ್ಮಾಂಬುಧಿಯಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿದ್ದು ಸರ್ಕಾರಗಳೇ. 1986ರಲ್ಲಿ ಲಕ್ಷ್ಮಣರಾವ್ ಸಮಿತಿ, ಇರುವ ಕೆರೆಗಳನ್ನು ಒಡೆಯಬೇಡಿ ಎಂದು ಸರ್ಕಾರಕ್ಕೇ ಹೇಳಬೇಕಾಗಿ ಬಂದದ್ದು ಅದಕ್ಕೇ. ಅಂಥ ಒತ್ತುವರಿಯನ್ನು ತಡೆಯುವುದು ಸರ್ವೆ ನಕ್ಷೆ, ಅಧಿಸೂಚನೆ, ನ್ಯಾಯಾಲಯ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ವನ್ಯಜೀವಿ ಕಾಯ್ದೆಯಡಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿಗೆ ಆ ರಕ್ಷೆ ತಂದದ್ದು ನಡೆಯುವವರ ಸಂಖ್ಯೆಯಲ್ಲ. ಬಣ್ಣದ ಕೊಕ್ಕರೆ, ಇರುಳು ಬಕ, ಹಾವಕ್ಕಿಗಳ ಲೆಕ್ಕ, ಮತ್ತು ಆ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟು ಬೆನ್ನುಬಿದ್ದ ಸ್ಥಳೀಯರು.

ಎರಡನೆಯ ಆಕ್ಷೇಪಕ್ಕೆ ನಾನು ನಿಜಕ್ಕೂ ತಲೆಬಾಗುತ್ತೇನೆ. ಈ ಊರಿನಲ್ಲಿ ನಡೆಯಲು ಜಾಗವೆಲ್ಲಿದೆ? ಬಳ್ಳಾರಿ ರಸ್ತೆಯ ಪಕ್ಕ ವಯಸ್ಸಾದವರು ವಾಕಿಂಗ್ ಹೋಗಲಾಗದು, ಬಡಾವಣೆಯ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿದೆ, ಬೆಳಗಿನ ಜಾವ ಒಬ್ಬ ಹೆಣ್ಣುಮಗಳು ಹೆದರಿಕೆಯಿಲ್ಲದೆ ನಡೆಯಬಲ್ಲ ಜಾಗ ಕೆರೆಯ ಹಾದಿಯೊಂದೇ. ಸಕ್ಕರೆ ಕಾಯಿಲೆಯವರಿಗೆ ಇದು ಔಷಧಿಯಷ್ಟೇ ಮುಖ್ಯ. ಇದನ್ನು ಹಗುರಾಗಿ ತಳ್ಳಿಹಾಕುವ ಪರಿಸರಪ್ರೇಮ ನನಗೆ ಬೇಡ. ಆದರೆ ಕೇಳುತ್ತಿರುವುದು ಅರ್ಧ ದಡ ಮಾತ್ರ. ಏರಿ ನಿಮ್ಮದೇ, ಎತ್ತರ, ಗಟ್ಟಿ ನೆಲ, ಇಡೀ ಕೆರೆ ಕಣ್ಣಿಗೆ ಬೀಳುವುದು ಅಲ್ಲಿಂದಲೇ. ಒಂದು ಸುತ್ತು ಬರುವ ಬದಲು ಏರಿಯ ಮೇಲೆ ಹೋಗಿ ಬಂದರೆ ಹೆಜ್ಜೆಯ ಲೆಕ್ಕ ಕಡಿಮೆಯಾಗುವುದಿಲ್ಲ. ಕಾವಲುಗಣ್ಣು ಇರುತ್ತದೆ ಎಂಬ ನಿಮ್ಮ ವಾದವೂ ಉಳಿಯುತ್ತದೆ. ಪಾಲಿಕೆ ಕೊಡಬೇಕಾದ ಪಾರ್ಕು, ಫುಟ್‌ಪಾತುಗಳ ಸಾಲವನ್ನು ಮಾತ್ರ ಕೆರೆಯಿಂದ ವಸೂಲಿ ಮಾಡುವುದು ಬೇಡ.

ಹಾವು, ಸೊಳ್ಳೆ ಎನ್ನುವವರೂ ಇದ್ದಾರೆ. ಹಾವು ಇರುತ್ತದೆ, ಹಾಗಾಗಿಯೇ ಅಲ್ಲಿ ನಡೆಯುವುದು ಬೇಡ ಎನ್ನುತ್ತಿರುವುದು. ಕೆರೆಯಲ್ಲಿ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಬದುಕಲಾರದಷ್ಟು ಕೆಟ್ಟ, ನಿಂತ ಕೊಳಚೆಯಲ್ಲಿ. ಜೊಂಡು ಕತ್ತರಿಸಿ ಕೊಳಚೆ ಹಾಗೇ ಬಿಟ್ಟರೆ ಸೊಳ್ಳೆಗೆ ನಷ್ಟವೇನೂ ಇಲ್ಲ.

ಬೇಲಿ ಬಿದ್ದಾಗ ಹೊರಗುಳಿದವರ ವಿಚಾರ ಇಂಥ ಸಭೆಗಳಲ್ಲಿ ಏಳುವುದು ಅಪರೂಪ. ಹುಲ್ಲು ಕೊಯ್ದು ಹಸು ಸಾಕುವವರು, ಮೀನುಗಾರಿಕೆ ಇಲಾಖೆಯ ಗುತ್ತಿಗೆ ಹಿಡಿದು ಬಲೆ ಬೀಸುವವರು, ಕೆರೆಯ ಸೊಪ್ಪು ಆರಿಸಿ ಮಾರುವ ಹೆಂಗಸರು. ಇವರ ಬಳಿ ಟ್ರ್ಯಾಕ್‌ಸೂಟ್ ಇಲ್ಲ, ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ನಂಬರೂ ಇಲ್ಲ. ಆದರೆ ಮೀನು ತೇಲಿದ ದಿನ ಮೊದಲು ಕಾಣುವವರು ಅವರೇ. ಹುಲ್ಲು ಕೊಯ್ಯುವವರಿಗೆ ಅಂಗಳದ ಕಡೆ ಕಾಲುದಾರಿ ಕೊಟ್ಟರೆ ಜೊಂಡು, ಹುಲ್ಲು ಕೊಯ್ಯಲು ಟೆಂಡರ್ ಕರೆಯುವ ಅಗತ್ಯವೂ ಎಷ್ಟೋ ತಗ್ಗುತ್ತದೆ.

ಕಡಲ ತೀರದವರ ಅನುಭವವನ್ನೂ ಇಲ್ಲಿ ನೆನೆಯಬಹುದು. 2020ರ ಅಕ್ಟೋಬರ್‌ನಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು; ನೀರಿನ ಗುಣ, ಶೌಚಾಲಯ, ಕಸ ವಿಲೇವಾರಿ, ಸುರಕ್ಷತೆ ನೋಡಿ ಕೊಡುವ ಒಳ್ಳೆಯ ಮನ್ನಣೆ ಅದು. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ. ಮೀನು ಒಣಹಾಕುವ, ಕಡಲಾಮೆ ಮೊಟ್ಟೆಯಿಡುವ ಮರಳು ಅದು. ಪ್ರವಾಸಿಗರಿಗೆ ಹಿತವಾದ ದಡ, ಬದುಕುವವರಿಗೆ ಬೇಕಾದ ದಡ ಎರಡೂ ಒಂದೇ ಎಂದು ಭಾವಿಸುವಂತಿಲ್ಲ.

ಸಂಭ್ರಮ ಬೇಡವೆಂದು ಇದರ ಅರ್ಥವಲ್ಲ. ಕೆರೆ ಹಬ್ಬ ಮಾಡಿ, ಧಾರಾಳವಾಗಿ ಮಾಡಿ. ಜುಂಬಾ, ಸಾವಯವ ಮಳಿಗೆ, ಚಿತ್ರ ಬಿಡಿಸುವ ಸ್ಪರ್ಧೆ ಎಲ್ಲಿ ಬೇಕಾದರೂ ನಡೆದಾವು. ಕೆರೆಯ ದಂಡೆಯಲ್ಲೇ ಆಗಬೇಕಾದ ಹಬ್ಬ ಬೇರೆ. ಕೋಡಿ ಬಿದ್ದ ದಿನ ಬಾಗಿನ ಕೊಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅಂದು ಹಿರಿಯರು ಕೋಡಿ, ತೂಬು, ಏರಿಗಳನ್ನು ಒಮ್ಮೆ ನೋಡಿಬರುತ್ತಿದ್ದರು. ನೀವೂ ವರ್ಷಕ್ಕೊಮ್ಮೆ ಸರ್ವೆ ನಕ್ಷೆ ಕೈಯಲ್ಲಿ ಹಿಡಿದು ಗಡಿಕಲ್ಲುಗಳನ್ನು ಎಣಿಸುತ್ತ ಸಾಗಿ. ಜೊಂಡು ಕೊಯ್ಲನ್ನೇ ಹಬ್ಬ ಮಾಡಿ. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ ನೀರು ಹೋಗುವ ಕಾಲುವೆಗುಂಟ ಮೂರೂ ಕೆರೆಯವರು ಒಟ್ಟಿಗೆ ನಡೆದು ನೋಡಿ. ಎಲ್ಲಿ ಚಪ್ಪಡಿ ಮುಚ್ಚಿದೆ, ಎಲ್ಲಿ ಮನೆ ಎದ್ದಿದೆ ಎಂಬುದು ಒಂದೇ ಬೆಳಿಗ್ಗೆ ತಿಳಿದುಹೋಗುತ್ತದೆ.

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿವೆ. ನಮ್ಮ ಕೆರೆಗಳ ಯೋಜನಾ ವರದಿಗಳು ಇನ್ನು ಹೊಸ ಮೇಜುಗಳ ಮೇಲೆ ಹೊಸದಾಗಿ ಬರೆಯಲ್ಪಡುತ್ತವೆ, ನಿಮ್ಮ ಅಭಿಪ್ರಾಯ ಕೇಳುವ ಸಭೆಗಳೂ ನಡೆಯುತ್ತವೆ. ಆ ಸಭೆಯಲ್ಲಿ ಎಂಜಿನಿಯರು ನಕ್ಷೆ ಬಿಡಿಸಿದಾಗ ಮೊದಲು ಕಾಲುವೆ ಎಲ್ಲಿ ಸೇರುತ್ತದೆಂದು ಕೇಳಿ. ಆ ಬದಿಯಲ್ಲಿ ಎಳೆದಿರುವ ನಡಿಗೆಹಾದಿಯ ಗೆರೆಯನ್ನು ಅಳಿಸಿ ಎಂದು ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಡೆಯುವವರೇ ಹಾದಿ ಬೇಡವೆಂದು ಬರೆದುಕೊಟ್ಟರೆ ಗುತ್ತಿಗೆದಾರರಿಗೆ ಹೇಳಲು ನೆಪ ಉಳಿಯುವುದಿಲ್ಲ.

ಇಂತಿ,
ನಿಮ್ಮ ನೆರೆಯ ನಿವಾಸಿ